ಬೂದೆಪ್ಪನವರ ಕಾರ್ಡು ರದ್ದಾದ ದಿನ

ನಮ್ಮ ದೇಶದಲ್ಲಿ ಸತ್ತವನನ್ನು ಸತ್ತನೆಂದು ಸರ್ಕಾರದಿಂದ ಒಪ್ಪಿಸಬೇಕಾದರೆ ಮನೆಯವರು ಮೂರು ಜೊತೆ ಚಪ್ಪಲಿ ಸವೆಸಬೇಕು. ಸತ್ತು ಹನ್ನೊಂದು ವರ್ಷವಾದರೂ ಮತದಾರರ ಪಟ್ಟಿಯಲ್ಲಿ ಗಟ್ಟಿಮುಟ್ಟಾಗಿ ಉಳಿದಿರುವ ಮಹನೀಯರನ್ನು ನಾನೇ ಬಲ್ಲೆ. ಅಂಥ ದೇಶದಲ್ಲಿ, ಹೈದರಾಬಾದಿನ ಉಪ್ಪಲಿನಲ್ಲಿ, ಗುರುಸಿದ್ದಪ್ಪನಾದ ನಾನು ಒಬ್ಬ ಮನುಷ್ಯ ತೀರಿಕೊಂಡ ನಾಲ್ಕನೆಯ ನಿಮಿಷಕ್ಕೆ ಅವನ ಹಕ್ಕುಗಳನ್ನೆಲ್ಲ ರದ್ದು ಮಾಡಿ ಹಲ್ಲುಜ್ಜಲು ಹೋದೆ. ಈ ವೇಗ ಯಮನಿಗೂ ಇಲ್ಲ. ಅವನು ಕೋಣದಿಂದ ಇಳಿಯುವುದಕ್ಕೇ ಐದು ನಿಮಿಷ ತೆಗೆದುಕೊಳ್ಳುತ್ತಾನೆ.

ತೀರಿಕೊಂಡವರು ಬೂದೆಪ್ಪನವರು. ನಮ್ಮ ‘ಶರಣ ನಿಲಯ’ ಅಪಾರ್ಟ್‌ಮೆಂಟಿನ ಅಧ್ಯಕ್ಷರು, ಮೂರನೆಯ ಮಹಡಿಯವರು, ಯಾದಗಿರಿ ಕಡೆಯವರು. ನಾನು ಕಾರ್ಯದರ್ಶಿ. ಹಿಂದಿನ ದಿನ ಎದೆನೋವೆಂದು ಆಸ್ಪತ್ರೆಗೆ ಹೋದವರು ಬೆಳಗ್ಗೆ ಏಳೂ ಹತ್ತಕ್ಕೆ ಹೋಗಿಬಿಟ್ಟರೆಂದು ಅವರ ಮಗ ಭೀಮಾಶಂಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಉಳಿದ ಇಪ್ಪತ್ತಮೂರು ಮನೆಯವರು ಕೈಮುಗಿದ ಚಿತ್ರ ಹುಡುಕುತ್ತಿರುವಾಗಲೇ ನಾನು ಏಳೂ ಹದಿನಾಲ್ಕಕ್ಕೆ ಅವರ ಗೇಟಿನ ಕಾರ್ಡನ್ನು ರದ್ದು ಮಾಡಿ ಗುಂಪಿನಲ್ಲಿ ಬರೆದೆ: ‘ಓಂ ಶಾಂತಿ. ಕಾರ್ಡ್ ನಿಷ್ಕ್ರಿಯಗೊಳಿಸಲಾಗಿದೆ.’

ಅಳಬೇಕಾದ ಹೊತ್ತಿನಲ್ಲಿ ಇದೇನೆಂದು ನೀವು ಕೇಳಬಹುದು. ಹಾಗೆ ಕೇಳುವವರು ಭದ್ರತೆಯ ಗಂಧವಿಲ್ಲದವರು. ಒಡೆಯನಿಲ್ಲದ ಕಾರ್ಡಿಗಿಂತ ಅಪಾಯಕಾರಿ ವಸ್ತು ಭೂಮಿಯ ಮೇಲೆ ಇನ್ನೊಂದಿಲ್ಲ. ಇದನ್ನು ನಾನು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಕಲಿತಿದ್ದೇನೆ. ಅಲ್ಲಿ ಏನು ತಯಾರಾಗುತ್ತದೆಂದು ಹೇಳುವಂತಿಲ್ಲ. ಹೇಳಿದರೆ ಎರಡು ನೆರೆರಾಷ್ಟ್ರಗಳು ನಿದ್ದೆಗೆಡುತ್ತವೆ. ನನ್ನ ಹೆಂಡತಿ ದಾನೇಶ್ವರಿ ಮಾತ್ರ ಅಲ್ಲಿ ಚಹಾ ಬಿಟ್ಟು ಬೇರೇನೂ ತಯಾರಾಗುವುದಿಲ್ಲವೆಂದು ನಂಬಿದ್ದಾಳೆ.

ನಮ್ಮ ಗೇಟಿನ ಕಥೆ ಶುರುವಾದದ್ದು ಒಂದು ಜೊತೆ ಚಪ್ಪಲಿಯಿಂದ. ಕೋಠಿ ಬಜಾರಿನಲ್ಲಿ ಒಂದೂವರೆ ತಾಸು ಚೌಕಾಸಿ ಮಾಡಿ ತಂದ ನನ್ನ ಹೊಸ ಚಪ್ಪಲಿ ಬಾಗಿಲ ಮುಂದಿನಿಂದ ಮಾಯವಾಯಿತು. ಬೇರೆಯವರಾಗಿದ್ದರೆ ಇನ್ನೊಂದು ಜೊತೆ ತರುತ್ತಿದ್ದರು. ನಾನು ಕರ್ನೆಲ್ ತಂದೆ.

ಕರ್ನೆಲ್ ಎಂದರೆ ಕಂಪ್ಯೂಟರಿನ ಒಳಗೆ ಕೂತ ಯಜಮಾನ. ಒಳಗೆ ನಡೆಯುವ ಒಂದೊಂದು ಕೆಲಸಕ್ಕೂ ಅವನು ಕೊರಳಿಗೊಂದು ಚೀಟಿ ಕಟ್ಟುತ್ತಾನೆ: ಯಾರ ಪೈಕಿ, ಯಾವ ಗುಂಪು, ಏನೇನು ಮುಟ್ಟಬಹುದು. ಕೆಲಸಕ್ಕೆ ಮರಿ ಹುಟ್ಟಿದರೆ ಅದರ ಕೊರಳಿಗೂ ಅದೇ ಚೀಟಿ. ಚೀಟಿಯ ಮೇಲೆ ಗೀಚಿ ತಿದ್ದುವಂತಿಲ್ಲ. ನಕಲು ತೆಗೆದು, ನಕಲನ್ನು ತಿದ್ದಿ, ಹಳೆಯದನ್ನು ಇಳಿಸಿ ಹೊಸದನ್ನು ಕಟ್ಟಿಕೊಳ್ಳಬೇಕು. ಅದನ್ನೂ ತಾನೇ ಮಾಡಿಕೊಳ್ಳಬೇಕು, ಒಬ್ಬರ ಕೊರಳಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ರೂಟ್ ಎಂಬ ಸರ್ವಾಧಿಕಾರಿ ಕೂಡ ಇನ್ನೊಬ್ಬರ ಕೆಲಸವನ್ನು ಕೊಲ್ಲಬಹುದೇ ಹೊರತು ಅದರ ಚೀಟಿ ತಿದ್ದುವಂತಿಲ್ಲ. ಇಷ್ಟೆಲ್ಲ ಆದ ಮೇಲೂ ಬಾಗಿಲಲ್ಲಿ ಸೆಕ್ಯುರಿಟಿ ಮಾಡ್ಯೂಲ್ ಎಂಬುದೊಂದು ಕೂತಿರುತ್ತದೆ. ಅದಕ್ಕೆ ‘ಹೂಂ’ ಅನ್ನುವ ಅಧಿಕಾರವಿಲ್ಲ, ‘ಊಹೂಂ’ ಅನ್ನುವ ಅಧಿಕಾರ ಮಾತ್ರ. ಮದುವೆಯ ಮಾತುಕತೆಯಲ್ಲಿ ಎರಡೂ ಕಡೆಯವರು ಒಪ್ಪಿ, ಸಕ್ಕರೆ ಹಂಚುವ ಹೊತ್ತಿಗೆ ಸರಿಯಾಗಿ ಮೂಲೆಯಿಂದ ಗಂಟಲು ಕೆರೆಯುವ ಸೋದರಮಾವನಿರುತ್ತಾನಲ್ಲ, ಅವನೇ ಇದು.

ನನ್ನ ಮಾಡ್ಯೂಲಿಗೆ ವೀರಭದ್ರ ಎಂದು ಹೆಸರಿಟ್ಟೆ. ಎರಡು ತಿಂಗಳು ಭಾನುವಾರಗಳನ್ನು ತೇದು ಬರೆದೆ. ವಾಚ್‌ಮನ್ ಹಂಪಯ್ಯನ ಕೋಣೆಯಲ್ಲಿ ಕಂಪ್ಯೂಟರ್, ಗೇಟಿಗೆ ವಿದ್ಯುತ್ ಕೀಲಿ, ಕರೆಂಟ್ ಹೋದರೂ ಎಂಟು ತಾಸು ಬಿಡದೆ ಹಿಡಿಯುವ ಬ್ಯಾಟರಿ, ಕಾಂಪೌಂಡಿನ ಮೇಲೆ ಗಾಜಿನ ಚೂರು, ಪಕ್ಕದಲ್ಲಿ ಒಬ್ಬೊಬ್ಬರೇ ನಿಂತುಕೊಂಡು ತೂರುವ ತಿರುಗುಗೇಟು. ಮನೆಯ ಯಜಮಾನನಿಗೆ ಮೂಲ ಕಾರ್ಡು, ಹೆಂಡತಿ ಮಕ್ಕಳು ಅತಿಥಿಗಳದೆಲ್ಲ ಅದರ ಮರಿ. ವಾರ್ಷಿಕ ಸಭೆಯಲ್ಲಿ ಐವತ್ತು ನಿಮಿಷ ನೀರು ಕುಡಿಯದೆ ವಿವರಿಸಿದೆ. “ಸ್ವತಃ ನನಗೂ ಇದನ್ನ ಮೀರಾಕ ಆಗಂಗಿಲ್ಲ!” ಎಂದು ಮೇಜು ಕುಟ್ಟಿದೆ. ವೀರಭದ್ರನನ್ನು ಮಲಗಿಸಬೇಕೆಂದರೆ ಅಧ್ಯಕ್ಷರೂ ಕಾರ್ಯದರ್ಶಿಯೂ ಒಟ್ಟಿಗೆ ಹೆಬ್ಬೆರಳು ಒತ್ತಬೇಕೆಂದು ಠರಾವು ಮಾಡಿಸಿದೆ.

ಬೂದೆಪ್ಪನವರು ಬೆರಳು ದಾಖಲಿಸುತ್ತ, “ಗುರುಸಿದ್ದಪ್ಪ, ಬಾಗ್ಲಾ ಅಂದ್ರ ತೆಗಿಯಾಕ ಅಂತ ಇರ್ತೈತೋ ತಮ್ಮಾ” ಅಂದಿದ್ದರು. ಹಳೇ ಕಾಲದವರು, ಪಾಪ.

ಒಂಬತ್ತೂವರೆಗೆ ಶವವಾಹನ ಗೇಟಿಗೆ ಬಂತು. ಹಿಂದೆ ಒಂದು ವ್ಯಾನು. ವಾಹನದಲ್ಲಿ ಮಗ ಭೀಮಾಶಂಕರ. ಪಕ್ಕದಲ್ಲಿ ಹಿಂದಿನ ದಿನವೇ ಕಾಚಿಗೂಡದಲ್ಲಿ ರೈಲಿಳಿದಿದ್ದ, ಬೂದೆಪ್ಪನವರ ತಮ್ಮ ಮೌನಪ್ಪ, ಹೆಸರಿಟ್ಟವರು ಆ ಮಗುವಿನ ಬಾಯಿ ನೋಡದೆ ಇಟ್ಟಿದ್ದರು. ವ್ಯಾನಿನಲ್ಲಿ ಎಂಟು ಮಂದಿ ನೆಂಟರು. ಹನ್ನೆರಡಕ್ಕೆಲ್ಲ ಇಲ್ಲಿಂದ ಹೊರಟರೆ ಐದು ತಾಸಿನ ದಾರಿ ಸವೆಸಿ ಸೂರ್ಯ ಮುಳುಗುವ ಮೊದಲು ಊರಲ್ಲಿ ಮಣ್ಣು ಮಾಡಬಹುದು. ಇಲ್ಲಿಗೆ ಬಂದದ್ದು ಒಂದೇ ಕಾರಣಕ್ಕೆ. ಬೂದೆಪ್ಪನವರ ಹೆಂಡತಿ ಗದಿಗೆಮ್ಮನಿಗೆ ಸೊಂಟದ ಎಲುಬು ಮುರಿದು, ಆಪರೇಷನ್ ಆಗಿ ಹನ್ನೆರಡು ದಿನ. ಮಂಚದಿಂದ ಅಲುಗಾಡುವಂತಿಲ್ಲ, ಊರಿಗೂ ಹೋಗುವಂತಿಲ್ಲ. ಗಂಡನ ಮುಖ ನೋಡುವುದಿದ್ದರೆ ಈಗ, ಇಲ್ಲಿ, ಮೂರನೆಯ ಮಹಡಿಯಲ್ಲಿ.

ಹಂಪಯ್ಯ ಪ್ರಾಮಾಣಿಕ. ನಾನೇ ಕಲಿಸಿದಂತೆ ಗಾಡಿಗಳ ನಂಬರನ್ನು ಕ್ಯಾಮೆರಾಕ್ಕೆ ತೋರಿಸಿ, ‘ಯಾರ ಮನೆಗೆ’ ಎಂಬಲ್ಲಿ ‘ಬೂದೆಪ್ಪನವರು’ ಎಂದು ಒತ್ತಿದ. ಕೆಂಪು ದೀಪ ಹೊತ್ತಿತು.

“ಸಾಹೇಬ್ರ,” ಎಂದು ಫೋನು ಮಾಡಿದ, “ಅಧ್ಯಕ್ಷರು ಬಂದಾರ್ರಿ. ವೀರಭದ್ರ ಒಲ್ಲೆ ಅನ್ನಾಕತ್ತೈತಿ.”

ನಾನು ಬಿಳಿ ಅಂಗಿ ತೊಟ್ಟು, ದುಃಖದ ಮುಖ ಹೊತ್ತು ಕೆಳಗಿಳಿದೆ. ಭೀಮಾಶಂಕರ ತನ್ನ ಕಾರ್ಡು ತಿಕ್ಕಿದ. ಕೆಂಪು. ಅಪ್ಪನ ಕಾರ್ಡಿನ ಮರಿ ಅದು. ಅಪ್ಪ ಹೋದ ಮೇಲೆ ಮರಿ ಎಲ್ಲಿಯದು? ನಿಜವಾದ ಕರ್ನೆಲ್ಲಿನಲ್ಲಿ ಅಪ್ಪ ಸತ್ತರೆ ಮಕ್ಕಳನ್ನು ಮೂಲಪುರುಷನೊಬ್ಬ ದತ್ತು ತೆಗೆದುಕೊಳ್ಳುತ್ತಾನೆ. ನಾನು ಆ ಭಾಗ ಬರೆಯುವುದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೆ.

“ಚಿಂತಿ ಮಾಡಬ್ಯಾಡ್ರಿ,” ಎಂದು ನನ್ನ ಕಾರ್ಡನ್ನು ಗಾಳಿಯಲ್ಲಿ ಒಮ್ಮೆ ಆಡಿಸಿ ತಿಕ್ಕಿದೆ. ಕೆಂಪು. ನನ್ನ ಬುದ್ಧಿ ನನಗೇ ನೆನಪಾಗಿ ಒಂದು ಕ್ಷಣ ಹೆಮ್ಮೆಯಾಯಿತು. ತಡೆಯಲ್ಪಟ್ಟವರನ್ನು ಇನ್ನೊಬ್ಬರು ತಮ್ಮ ಕಾರ್ಡಿನ ಮೇಲೆ ನುಸುಳಿಸಬಾರದೆಂದು ಅಂಥ ಗಾಡಿ ಬಂದರೆ ಗೇಟು ಯಾರಿಗೂ ತೆರೆಯದಂತೆ ಮಾಡಿದ್ದೆ. ವಿದೇಶದಲ್ಲೂ ಈ ಏರ್ಪಾಡು ಅಪರೂಪ.

“ಗಾಡಿ ಹಿಂದಕ್ಕ ಕಳಿಸಿ ತೆಗಿರಿ ಮತ್ತ,” ಎಂದ ಭೀಮಾಶಂಕರ.

“ಒಮ್ಮೆ ತಡದ್ರ, ಗಾಡಿ ಹೋದ್ರೂ ಇಪ್ಪತ್ನಾಕ ತಾಸು ತೆಗಿಯಂಗಿಲ್ಲಪಾ.” ಪಕ್ಕದ ತಿರುಗುಗೇಟಿನಲ್ಲಿ ನಿಂತವರಷ್ಟೇ ತೂರಬಹುದು, ಹೆಣ ಹೊತ್ತು ತೂರುವಂತಿಲ್ಲ.

ಮೌನಪ್ಪ ಇಳಿದು ಬಂದರು. “ಏನ್ರಿ ಇದು? ನಮ್ಮಣ್ಣ ಈ ಬಿಲ್ಡಿಂಗಿನ ಪಾಯಾದಾಗ ಕಲ್ಲು ಇಟ್ಟಾಂವ! ಜೀವಂತ ಇದ್ದಾಗ ತಡದಿದ್ರ ಒಂದ್ ಮಾತು. ಹೆಣಾ ತಡೀತೀರಿ? ನಮ್ಮೂರಾಗ ಟೋಲ್ ನಾಕಾದಾಗೂ ಹೆಣಕ್ಕ ದಾರಿ ಬಿಡ್ತಾರ!”

“ತಡದದ್ದು ನಾ ಅಲ್ರಿ. ಮಾಡ್ಯೂಲು.”

“ಕರೀರಿ ಹೊರಗ ಅವನ್ನ!”

ಅಷ್ಟರಲ್ಲಿ ಫೋನು ಬಂತು. ದಾನೇಶ್ವರಿ ಬೆಳಗಿನಿಂದ ಗದಿಗೆಮ್ಮನ ಬಳಿ ಕೂತಿದ್ದಳು. ಆ ಮನೆಯ ಕಿಟಕಿ ಹಿತ್ತಲ ಕಡೆಗೆ. ಅಲ್ಲಿಂದ ಗೇಟು ಕಾಣುವುದಿಲ್ಲ, ರಸ್ತೆಯ ಹಾರನ್ನಷ್ಟೇ ಕೇಳುತ್ತದೆ.

“ಅಕ್ಕಾರು ಕೇಳಾಕತ್ತಾರ, ಹೊತ್ತಾತು, ಯಾಕ ಇನ್ನೂ ಬರವಲ್ರು ಅಂತ. ಏನ್ ಹೇಳ್ಲಿ?”

“ಪರಿಶೀಲನಾ ನಡದೈತಿ ಅನ್ನು.”

“ಸತ್ತವರದೇನ್ ಪರಿಶೀಲನಾರಿ? ಉಸಿರು ಐತೋ ಇಲ್ಲೋ ಅಂತನ?” ಆಮೇಲೆ ದನಿ ತಗ್ಗಿಸಿದಳು. “ಜಲ್ದಿ ಮಾಡ್ರಿ. ಅವ್ರು ಅಳವಲ್ರು. ಬಾಗ್ಲಾ ನೋಡ್ಕೋತ ಮಕ್ಕೊಂಡಾರ. ವಿಭೂತಿ ಕೈಯಾಗ ಹಿಡಕೊಂಡಾರ.”

ನಾನು ಹಂಪಯ್ಯನ ಕೋಣೆ ಹೊಕ್ಕು ಕಂಪ್ಯೂಟರಿನ ಮುಂದೆ ಕೂತೆ. ರಸ್ತೆ ಕಡೆಯ ಕಿಟಕಿಯ ಸರಳಿಗೆ ಹತ್ತು ಮುಖಗಳು ಅಂಟಿಕೊಂಡವು. ನಾನು ರೂಟ್ ಆದೆ. ಆ ಯಂತ್ರದೊಳಗೆ ನನಗಿಂತ ದೊಡ್ಡವರು ಯಾರೂ ಇಲ್ಲ. ಬೂದೆಪ್ಪನವರ ಕಾರ್ಡಿಗೆ ಮತ್ತೆ ಜೀವ ತುಂಬಲು ಆಜ್ಞೆ ಕೊಟ್ಟೆ. ‘ಸದರಿ ವ್ಯಕ್ತಿ ಸ್ವತಃ ಬಂದು ಅರ್ಜಿ ಸಲ್ಲಿಸತಕ್ಕದ್ದು’ ಎಂದು ಬಂತು. ಎಷ್ಟು ಅಚ್ಚುಕಟ್ಟಾದ ಕನ್ನಡ! ನಾನೇ ಬರೆದದ್ದು.

“ಏನಂತೈತ್ರಿ?” ಎಂದು ಕಿಟಕಿಯಿಂದ ಮೌನಪ್ಪ.

“ಅಣ್ಣಾರು ತಾವೇ ಬಂದು ನಿಂತು ಕೇಳ್ಕೋಬೇಕಂತ.”

ಹೊರಗೆ ಯಾರೋ ಹೆಂಗಸು ಬಿಕ್ಕಿದಳು. ಮೌನಪ್ಪ ಬದುಕಿನಲ್ಲಿ ಮೊದಲ ಸಲ ತಮ್ಮ ಹೆಸರಿಗೆ ತಕ್ಕಂತೆ ನಡೆದುಕೊಂಡರು, ಎಂಟು ಸೆಕೆಂಡು.

ವೀರಭದ್ರನನ್ನೇ ಕೊಲ್ಲಲು ನೋಡಿದೆ. ಅನುಮತಿ ಇಲ್ಲ. ನಿಯಮ ಬದಲಿಸಲು ನೋಡಿದೆ. ಅನುಮತಿ ಇಲ್ಲ. ತಂತಿ ಕಿತ್ತೆ. ಬ್ಯಾಟರಿ ‘ಕುಂಯ್’ ಅಂದು ಹಿಡಿದುಕೊಂಡಿತು. ರಾವಣ ಹತ್ತು ತಲೆ ಕೊಟ್ಟು ವರ ಪಡೆದನಂತೆ. ನಾನು ಎರಡು ತಿಂಗಳ ಭಾನುವಾರ ಕೊಟ್ಟು, ಬೇಡಿದರೂ ಸಿಗದ ಶಾಪವನ್ನು ಕಟ್ಟಿದ್ದೆ. ಹನ್ನೊಂದಕ್ಕೆ ಕಾಲು ಗಂಟೆ ಇತ್ತು.

ರಸ್ತೆಯಲ್ಲಿ ಹಾರನ್ನು ಶುರುವಾಗಿ ಟ್ರಾಫಿಕ್ ಪೇದೆಯೊಬ್ಬ ಬಂದ. “ಗೇಟು ಎವರಿದಿ?” ಗೇಟು ಯಾರದೆಂದು ತೆಲುಗಿನಲ್ಲಿ ಗುಡುಗಿದ.

“ನಾದೇ ಸಾರ್,” ನನ್ನದೇ ಅಂದೆ.

“ಮರಿ ತಿಯ್ಯಿ!” ಹಾಗಿದ್ದರೆ ತೆಗೆ ಎಂದ.

“ನಾಕು ಪರ್ಮಿಷನ್ ಲೇದು ಸಾರ್.” ನನಗೆ ಅನುಮತಿಯಿಲ್ಲ ಎಂದೆ.

ಪೇದೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಪರರ ಮನೆಗೆ ಕನ್ನ ಹಾಕಿದವರನ್ನು ಅವನು ಸಾವಿರ ಜನ ನೋಡಿರಬೇಕು. ತನ್ನ ಮನೆಯ ಗೇಟಿನಲ್ಲಿ ತಾನೇ ಕಳ್ಳನಂತೆ ನಿಂತವನನ್ನು ನೋಡಿರಲಿಲ್ಲ. ಟೊಪ್ಪಿಗೆ ತೆಗೆದು ಶವಕ್ಕೊಂದು ನಮಸ್ಕಾರ ಹಾಕಿದ. ನನಗೆ ಏನೂ ಹಾಕಲಿಲ್ಲ. ಮುಂದಿನ ಸಿಗ್ನಲ್ಲಿಗೆ ಹೋಗಿಬಿಟ್ಟ.

“ಇನ್ನ ಒಂದs ದಾರಿ ಐತಿ,” ಎಂದೆ ಭೀಮಾಶಂಕರನನ್ನು ಬದಿಗೆ ಕರೆದು. “ವೀರಭದ್ರನ್ನ ಮಲಗಸಬೇಕಂದ್ರ ಇಬ್ಬರ ಹೆಬ್ಬಟ್ಟು ಬೇಕು. ಒಂದು ನಂದು. ಇನ್ನೊಂದು ಅಧ್ಯಕ್ಷರದು.”

ಅವನು ನನ್ನ ಮುಖವನ್ನೇ ನೋಡಿದ. ಅರ್ಥವಾದದ್ದು ಮೊದಲು ಮೌನಪ್ಪನವರಿಗೆ. ಅವರ ಕೂಗು ಉಪ್ಪಲಿನ ಸ್ಟೇಡಿಯಮ್ಮಿನಲ್ಲಿ ಸಿಕ್ಸರ್ ಹೊಡೆದಾಗಲೂ ಎದ್ದಿರಲಾರದು.

“ಹೆಬ್ಬಟ್ಟ? ನಮ್ಮಣ್ಣ ಹೆಬ್ಬಟ್ಟ ಒತ್ತೋ ಮನಷ್ಯಾನ? ಆ ಕಾಲದಾಗ ಮೆಟ್ರಿಕ್ ಪಾಸ್ ಆದಾಂವ ರೀ! ಮೂರು ಜಿಲ್ಲಾದಾಗ ಅಂಥಾ ಸಹಿ ಇರಲಿಲ್ಲ, ‘ಬ’ ಬರದ್ರ ಬಳ್ಳಿ ಹಬ್ಬಿದಂಗ ಇರ್ತಿತ್ತು! ಜಲಮ ಪೂರ್ತಿ ಸಹಿ ಮಾಡ್ಯಾನ. ಈಗ, ಹೋಗೋ ಹೊತ್ತಿನಾಗ, ಅವನ ಕೈಲೆ ಹೆಬ್ಬಟ್ಟ ಒತ್ತಸ್ತೀರಿ? ಸಹಿ ಕೇಳ್ರಿ ಬೇಕಾದ್ರ!”

ಸಹಿ ಕೇಳುವುದು ಹೇಗೆಂದು ನೆಂಟರೆಲ್ಲ ಒಮ್ಮೆ ಯೋಚಿಸಿ ತಲೆ ತಗ್ಗಿಸಿದರು.

“ಕಾಕಾ,” ಎಂದ ಭೀಮಾಶಂಕರ, “ಅವ್ವ ಮ್ಯಾಲ ಕಾಯಾಕತ್ತಾಳ.”

ಅಷ್ಟೇ ಅಂದ. ಮೌನಪ್ಪ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡು ಪಕ್ಕಕ್ಕೆ ಸರಿದರು.

ಬೆರಳು ಓದುವ ಡಬ್ಬಿಯ ತಂತಿಯನ್ನು ಹಂಪಯ್ಯ ಗೇಟಿನ ಸರಳುಗಳ ನಡುವೆ ಹಾಯಿಸಿದ. ಡ್ರೈವರ್ ಶವವಾಹನವನ್ನು ಹಿಂದುಮುಂದಾಗಿಸಿ ತಂದು ನಿಲ್ಲಿಸಿದ. ಒಳಗಿನಿಂದ ನಾನು ನನ್ನ ಬೆರಳಿಟ್ಟೆ. ಹಸಿರು. ಹೊರಗೆ ಭೀಮಾಶಂಕರ ಅಪ್ಪನ ಕೈಯನ್ನು ಬಿಳಿಬಟ್ಟೆಯಡಿಯಿಂದ ತೆಗೆದು, ಎರಡೂ ಅಂಗೈಗಳ ನಡುವೆ ಹಿಡಿದು, ಕಾಯಿಸಿದಂತೆ ಸ್ವಲ್ಪ ಹೊತ್ತು ಉಜ್ಜಿದ. ಆಮೇಲೆ ಹೆಬ್ಬೆರಳನ್ನು ಗಾಜಿನ ಮೇಲಿಟ್ಟ.

ಕೆಂಪು.

ಇನ್ನೊಮ್ಮೆ ಇಟ್ಟ. ಕೆಂಪು. ಮೂರನೆಯ ಸಲಕ್ಕೆ ಕೈಯನ್ನು ತನ್ನ ಕೆನ್ನೆಗೆ ಒತ್ತಿ ಹಿಡಿದು, ಬಿಸಿಯಾಯಿತೆಂದುಕೊಂಡು ಇಟ್ಟ.

“ಬಿಡಪಾ,” ಅಂದೆ. “ಅದಕ್ಕ ಜೀವ ಇರೋ ಬೆರಳs ಬೇಕು.”

ಅದನ್ನೂ ಹುಡುಕಿ ಹುಡುಕಿ ತಂದವನು ನಾನೇ. ಅಗ್ಗದ ಡಬ್ಬಿಗಳು ಮೇಣದ ಬೆರಳಿಗೂ ಮೋಸಹೋಗುತ್ತವೆಂದು ಸಭೆಯಲ್ಲಿ ನಗಾಡಿದ್ದೆ.

ಹನ್ನೊಂದೂ ಇಪ್ಪತ್ತು. ದಾನೇಶ್ವರಿಯ ಫೋನು ಮತ್ತೆ ಬಡಿಯಿತು. ನಾನು ಎತ್ತಲಿಲ್ಲ. ಎತ್ತದ ಫೋನು ಅಷ್ಟು ಹೊತ್ತು ಬಡಿದುಕೊಳ್ಳುವುದನ್ನು ನಾನು ಕೇಳಿರಲಿಲ್ಲ. ಶವವಾಹನದ ಡ್ರೈವರ್ ಗಡಿಯಾರ ತೋರಿಸಿ, “ಟೈಮ್ ಐತಾಂದಿ ಸಾರ್” ಅಂದ, ಹೊತ್ತಾಗುತ್ತಿದೆ ಎಂದು. ವ್ಯಾನಿನಲ್ಲಿದ್ದ ಹಿರಿಯರೊಬ್ಬರು ಭೀಮಾಶಂಕರನ ಬೆನ್ನು ಸವರಿ, “ಫೋಟೋ ಹೊಡಕೊಂಡು ಮೊಬೈಲಿನಾಗ ತೋರಸಬೇಕಪಾ ತಾಯಿಗೆ. ಮಣ್ಣು ತಪ್ಪಬಾರದು” ಅಂದರು. ಅವನು ಜೇಬಿಗೆ ಕೈ ಹಾಕಿ ಮೊಬೈಲ್ ತೆಗೆದ. ಅಪ್ಪನ ಮುಖದ ಮೇಲೆ ಹಿಡಿದ. ಒತ್ತದೆ ಹಾಗೇ ಇಳಿಸಿದ.

ಎದುರಿನ ಸೈಟಿನಲ್ಲಿ ಕಂಬಿ ಕಟ್ಟುವ ಐದು ಮಂದಿ ಬೆಳಗಿನಿಂದ ಉಸುಕಿನ ರಾಶಿಯ ಮೇಲೆ ಕುಕ್ಕರಗಾಲಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಕಲಬುರಗಿ ಕಡೆಯವರು. ಅವರಲ್ಲಿ ಚನ್ನು ಎಂಬ ನಲವತ್ತರ ಆಸಾಮಿ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೊಡವಿಕೊಂಡು ಎದ್ದು ಬಂದ. ಗೇಟಿನಿಂದ ನಾಲ್ಕು ಮಾರು ದೂರದಲ್ಲೇ ನಿಂತ.

“ಯಜಮಾನ್ರ, ಒಂದ್ ಮಾತು ಹೇಳ್ಲ್ಯಾ?”

“ಇದು ನಿಮಗ ತಿಳಿಯಂಗಿಲ್ಲಪಾ. ಕರ್ನೆಲ್ಲಿನ ಮ್ಯಾಟರು.”

“ಇರಬೌದ್ರಿ. ಕೀಲಿ ಇರೋದು ಆ ಕಡಿ. ಈ ಕಡಿ ಬರೇ ಬಿಜಾಗ್ರಿ ಅದಾವ್ರಿ. ಎತ್ತಿದ್ರ ಗೇಟ ಬರ್ತೈತಿ.”

ನೆಂಟರೆಲ್ಲ ಕೀಲಿಯಿಂದ ಕಣ್ಣು ಕಿತ್ತು, ಗೇಟನ್ನು ಕಂಬಕ್ಕೆ ಹಿಡಿದಿದ್ದ ಬಿಜಾಗರಿಗಳ ಕಡೆಗೆ ನೋಡಿದರು. ನಾನೂ ನೋಡಿದೆ. ಎರಡೇ ಇದ್ದವು. ಕುಂಕುಮ ಹಚ್ಚಿದಷ್ಟು ತುಕ್ಕು ಹಿಡಿದಿದ್ದವು.

“ಮುಂಜಾಲಿಂದ ನೋಡ್ಕೋತ ಕುಂತೀರಿ. ಇಷ್ಟೊತ್ತು ಯಾಕ ಹೇಳಲಿಲ್ಲ?” ಎಂದು ಮೌನಪ್ಪ ರೇಗಿದರು.

ಚನ್ನು ಗೋಡೆಯ ಮೇಲಿನ ಫಲಕ ತೋರಿಸಿದ. “‘ಕೂಲಿಗಳು ಗೇಟಿನ ಹತ್ರ ಬರಬಾರದು’ ಅಂತ ಬರದಾರಂತ್ರಿ, ಓದಿದವರು ಹೇಳಿದ್ರು. ಮೊದಲ ಬೂದೆಪ್ಪ ಸಾಹೇಬ್ರು ನಮಗ ದಿನಾ ನೀರು ತುಂಬಾಕ ಒಳಗ ಬಿಡತಿದ್ರು. ಈ ಕೆಂಪ ದೀಪ ಬಂದಮ್ಯಾಲ ಅವ್ರೇ ಕೊಡಪಾನ ಹೊತ್ತು ಹೊರಗ ತಂದಿಡತಿದ್ರು.”

ಅಧ್ಯಕ್ಷರು ಕೊಡಪಾನ ಹೊರುತ್ತಿದ್ದದ್ದು ನನ್ನ ಯಾವ ದಾಖಲೆಯಲ್ಲೂ ಇರಲಿಲ್ಲ. ಒಳಗಿನಿಂದ ಹೊರಗೆ ಹೋಗುವುದನ್ನು ನಾನು ಪರಿಶೀಲಿಸುತ್ತಿರಲಿಲ್ಲ.

ಐದು ಮಂದಿ ಹಾರೆ ತಂದರು. “ಹೂಂ, ಎತ್ತ್ರಲೇ” ಅಂದ ಚನ್ನು. ಜಗತ್ತಿನ ಅತಿ ಸುರಕ್ಷಿತ ಗೇಟು ಕೋಳಿಪುಕ್ಕದಂತೆ ಮೇಲೆದ್ದಿತು. ಬಿಜಾಗರಿಯ ಕಡೆಯಿಂದ ಕಳಚಿ, ಕೀಲಿಯ ಕಡೆಗೇ ಜೋತುಬಿದ್ದು, ಗೋಡೆಗೆ ಒರಗಿ ನಿಂತಿತು. ಮೂರು ನಿಮಿಷವೂ ಹಿಡಿಯಲಿಲ್ಲ. ಹಂಪಯ್ಯ ಕೋಣೆಯೊಳಗೆ ಇಣುಕಿ, “ಸಾಹೇಬ್ರ, ಕೀಲಿ ಹಂಗs ಐತಿ. ‘ಎಲ್ಲವೂ ಸುರಕ್ಷಿತ’ ಅಂತ ತೋರಸಾಕತ್ತೈತ್ರಿ” ಅಂದ.

ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ನಮ್ಮ ಮನೆಯ ಬೆತ್ತದ ಕುರ್ಚಿ ತಂದು, ಬೂದೆಪ್ಪನವರನ್ನು ಕೂರಿಸಿ, ಪಂಚೆಯಿಂದ ಬಿಗಿದು, ಕಂಬಿಯವರೇ ಹೊತ್ತರು. ಮೆಟ್ಟಿಲ ತಿರುವುಗಳಲ್ಲಿ ಚನ್ನು, “ಸಾವಕಾಶ, ಸಾಹೇಬ್ರ ತಲಿ” ಅನ್ನುತ್ತಿದ್ದ. ಹಿಂದಿನಿಂದ ನಾನು ಕುರ್ಚಿಯ ಒಂದು ಕಾಲು ಹಿಡಿದಿದ್ದೆ. ಅದರ ಅಗತ್ಯ ಯಾರಿಗೂ ಇರಲಿಲ್ಲ.

ಕುರ್ಚಿಯನ್ನು ಗದಿಗೆಮ್ಮನ ಮಂಚದ ಮಗ್ಗುಲಿಗೆ ಇಳಿಸಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಆಕೆ ಅಳಲಿಲ್ಲ. ಮಲಗಿದಲ್ಲಿಂದಲೇ ಕೈ ಚಾಚಿದರು. ಕೈ ಸಾಲಲಿಲ್ಲ. ಭೀಮಾಶಂಕರ ಕುರ್ಚಿಯನ್ನು ಇನ್ನಷ್ಟು ಒತ್ತಿಗೆ ತಂದು ಬಾಗಿಸಿದ. ಬಿಸಿಲಲ್ಲಿ ನಡೆದು ಬಂದವರಿಗೆ ಮಾಡುವಂತೆ ಸೆರಗಿನಿಂದ ಗಂಡನ ಹಣೆ ಒರೆಸಿ, ಮುಷ್ಟಿಯಲ್ಲಿ ಪುಡಿಯಾಗಿಹೋಗಿದ್ದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದರು.

“ಎಷ್ಟೊತ್ತು ಮಾಡಿಬಿಟ್ರಿ?” ಎಂದು ಗಂಡನಿಗೆ ಅಂದರು. “ಒಂಬತ್ತೂವರಿಗೆ ಬರ್ತಾರ ಅಂದಿದ್ರು. ನಾ ಇಲ್ಲಿ ಒಬ್ಬಾಕಿನ.” ಆಮೇಲೆ ಮುಖ ತಿರುಗಿಸಿ ಎಲ್ಲರ ನಡುವೆ ನನ್ನನ್ನೇ ಹುಡುಕಿ ಕೇಳಿದರು: “ಯಾಕ ತಡಾ ಆತು ಗುರುಸಿದ್ದಪ್ಪ?”

ಆ ಕೋಣೆಯಲ್ಲಿ ಮೌನಪ್ಪನಿದ್ದರು, ನೆಂಟರಿದ್ದರು, ಚನ್ನು ಇದ್ದ, ನೀರಿನ ತಂಬಿಗೆ ಹಿಡಿದ ನನ್ನ ಹೆಂಡತಿ ಇದ್ದಳು. ಎಲ್ಲರೂ ನನ್ನ ಕಡೆ ತಿರುಗಿದರು. ಕರ್ನೆಲ್ಲಿನ ಬಗ್ಗೆ ಮೂರು ದಿನ ಮೂರು ರಾತ್ರಿ ಮಾತಾಡಬಲ್ಲ ಮನುಷ್ಯ ನಾನು.

“ಟ್ರಾಫಿಕ್ ರೀ ಅಕ್ಕಾರ,” ಅಂದೆ. “ಉಪ್ಪಲ್ ರಿಂಗ್ ರೋಡಿನಾಗ... ಭಾಳ ಟ್ರಾಫಿಕ್ ಇತ್ತು.”

ಮೌನಪ್ಪ ಬಾಯಿ ತೆರೆದರು. ಭೀಮಾಶಂಕರ ಅವರ ತೋಳು ಹಿಡಿದ. ದಾನೇಶ್ವರಿ ನೆಲ ನೋಡಿದಳು.

ಗದಿಗೆಮ್ಮ ತಲೆಯಾಡಿಸಿ ಗಂಡನ ಕಡೆ ತಿರುಗಿದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿತ್ತು. ಅದನ್ನು ಹಾಕತೊಡಗಿದರು. ಕೆಳಗಿನಿಂದ ಶವವಾಹನದ ಹಾರನ್ನು ಕೇಳಿಸಿತು.

“ಹೋಗ್ಲಿ ಬಿಡ್ರಿ,” ಎಂದು ಗಂಡನಿಗೇ ಅಂದರು. “ಅದಕ್ಕ ನೀವರ ಏನ್ ಮಾಡ್ತೀರಿ. ನಾ ಸುಮ್ಮನ ನಿಮ್ಮ ಮ್ಯಾಲ ಸಿಟ್ಟಾಗಿದ್ದೆ.”